ವೋಚರ್ ಇಲ್ಲದ ಉತ್ತರ

ಕ್ರಾಸ್‌ವರ್ಡಿನ ಕೊನೆಯ ಚೌಕ ತುಂಬಿದ ಕೂಡಲೇ ಪೇಪರ್ ಮಡಚಿ ಟೀಪಾಯಿ ಮೇಲೆ ಬಿಸಾಡಿ ಸ್ನಾನಕ್ಕೆ ಹೋಗುವ ಜನರಿದ್ದಾರೆ. ಅವರ ಪಾಲಿಗೆ ಆಟ ಅಲ್ಲಿಗೆ ಮುಗಿಯಿತು. ನನಗೂ ನಮ್ಮ ಚಿಕ್ಕಪ್ಪನಿಗೂ ಆಗ ಅರ್ಧ ಮುಗಿದಿರುತ್ತದೆ, ಅಷ್ಟೆ. ತುಂಬಿದ್ದು ಸರಿಯೋ ತಪ್ಪೋ ಅನ್ನುವುದನ್ನು ಮಾರನೇ ದಿನದ ಪೇಪರೇ ಹೇಳುತ್ತದೆ, ಅದಕ್ಕೆ ನಾವು ಬೇಕಿಲ್ಲ. ಆ ಉತ್ತರ ಯಾಕೆ ಸರಿ, ಸುಳಿವಿನಲ್ಲಿದ್ದ ಒಂದೊಂದು ಪದವೂ ಏನು ಕೆಲಸ ಮಾಡಿತು, ಯಾವುದು ಸುಮ್ಮನೆ ಕೂತು ಜಾಗ ತಿಂದಿತು, ಸೆಟ್ಟರ್, ಅಂದರೆ ಕ್ರಾಸ್‌ವರ್ಡ್ ಕಟ್ಟಿದವರು, ಮಾಡಿದ್ದು ತಮಾಷೆಯೋ ಮೋಸವೋ, ಇದೆಲ್ಲ ಸಂಜೆಯ ಕೆಲಸ.

ಇದಕ್ಕೆ ನನ್ನ ಹೊಟ್ಟೆಪಾಡೂ ಸ್ವಲ್ಪ ಕಾರಣ ಇರಬೇಕು. ಶಿವಮೊಗ್ಗದ ದುರ್ಗಿಗುಡಿಯಲ್ಲಿ ಒಂದು ಆಡಿಟರ್ ಆಫೀಸಿನಲ್ಲಿ ಕೂತು ಬೇರೆಯವರ ಲೆಕ್ಕ ನೋಡುವವಳು ನಾನು. ಖರ್ಚು ಬರೆದಿದ್ದೀರಿ, ಮೊತ್ತವೂ ತಾಳೆಯಾಗುತ್ತದೆ, ವೋಚರ್ ಎಲ್ಲಿ ಸ್ವಾಮಿ ಅಂತ ಕೇಳುವುದಕ್ಕೇ ನನಗೆ ಸಂಬಳ. ಅಕ್ಷರ ಹೊಂದುತ್ತದೆ ಅಂತ ಬರೆದುಬಿಟ್ಟ ಉತ್ತರ ನನ್ನ ಕಣ್ಣಿಗೆ ವೋಚರ್ ಇಲ್ಲದ ಖರ್ಚು. ಮೊತ್ತ ಸರಿಯೇ ಇರಬಹುದು, ನಾನು ಟಿಕ್ ಹಾಕುವುದಿಲ್ಲ.

ಕ್ರಿಪ್ಟಿಕ್ ಕ್ರಾಸ್‌ವರ್ಡ್ ಅಂದರೇನು ಅಂತ ಗೊತ್ತಿಲ್ಲದವರನ್ನು ಇಂಗ್ಲಿಷ್ ಉದಾಹರಣೆ ಕೊಟ್ಟು ಓಡಿಸುವುದು ಬೇಡ. ನಾನೇ ಕಟ್ಟಿದ ಒಂದು ಕನ್ನಡದ ಸುಳಿವು ನೋಡಿ:

ದೇವಾ ನರಸಿಂಹ, ನಿನ್ನೊಳಗೆ ಕೋತಿ! (3)

ಓದಿದವರಿಗೆ ಯಾರೋ ಗುಡಿಯ ಮುಂದೆ ನಿಂತು ಗಾಬರಿಯಿಂದ ಕೂಗಿದಂತೆ ಕೇಳುತ್ತದೆ. ಅದು ಮೇಲುನೋಟ, ಅದನ್ನು ನಂಬಬಾರದು. ಆವರಣದ 3 ಅಂದರೆ ಉತ್ತರಕ್ಕೆ ಮೂರು ಅಕ್ಷರ. ಕೊನೆಯ ‘ಕೋತಿ’ ಅನ್ನುವುದೇ ಉತ್ತರದ ಅರ್ಥ. ‘ನಿನ್ನೊಳಗೆ’ ಅನ್ನುವುದು ಎಲ್ಲಿ ಹುಡುಕಬೇಕು ಅನ್ನುವುದಕ್ಕೆ ಸೂಚನೆ. ‘ದೇವಾ’ದ ಕೊನೆಯ ಅಕ್ಷರ ವಾ, ‘ನರಸಿಂಹ’ದ ಮೊದಲ ಎರಡು ನ, ರ. ವಾನರ. ಸಾಮಾನ್ಯ ಪದಬಂಧದಲ್ಲಿ ಬರೀ ‘ಕೋತಿ (3)’ ಅಂತ ಕೊಟ್ಟಿದ್ದರೆ ವಾನರವೋ ಮರ್ಕಟವೋ ಅಂತ ಅಕ್ಕಪಕ್ಕದ ಅಕ್ಷರ ಬರುವ ತನಕ ಕಾಯಬೇಕಿತ್ತು. ಇಲ್ಲಿ ಕಾಯುವ ಕೆಲಸವಿಲ್ಲ. ಅರ್ಥದ ದಾರಿ ಒಂದು, ಅಕ್ಷರದ ದಾರಿ ಇನ್ನೊಂದು. ಎರಡೂ ಒಂದೇ ಪದಕ್ಕೆ ಬಂದು ಸೇರಿದರೆ ಬೇರೆ ಸಾಕ್ಷಿ ಬೇಡ.

ಇಂಗ್ಲಿಷಿನವರು ಇದನ್ನು ಬಹಳ ದೂರ ತೆಗೆದುಕೊಂಡು ಹೋಗಿದ್ದಾರೆ. ಅವರ ಸುಳಿವಿನಲ್ಲಿ ‘ಫ್ಲವರ್’ ಅಂತ ಕಂಡರೆ ಹೂವನ್ನು ನೆನೆಸಿಕೊಳ್ಳುವ ಮೊದಲು ನದಿಯನ್ನು ನೆನೆಸಿಕೊಳ್ಳಬೇಕು, ಯಾಕೆಂದರೆ ‘ಫ್ಲೋ’ ಆಗುವುದೆಲ್ಲ ಫ್ಲವರ್. ‘ಬ್ಯಾಂಕರ್’ ಕೂಡ ನದಿಯೇ, ಎರಡು ದಂಡೆ ಇದೆಯಲ್ಲ. ‘ನಂಬರ್’ ಅಂದರೆ ಸಂಖ್ಯೆ ಅಲ್ಲದೇ ಮೈ ಮರಗಟ್ಟಿಸುವ ಅರಿವಳಿಕೆ ಮದ್ದೂ ಆಗಬಹುದು. ‘ಡಕ್’ ಅಂದರೆ ಸೊನ್ನೆ, ಅಂದರೆ ‘ಓ’ ಅಕ್ಷರ. ‘ಮೇಡನ್’ ಅಂದರೆ ‘ಎಂ’. ಈ ಕೊನೆಯವು ಕ್ರಿಕೆಟ್ಟಿನಿಂದ ಬಂದವು, ಹಾಗಾಗಿ ಇಂಗ್ಲೆಂಡ್ ನೋಡದ ನಮಗೂ ಸಲೀಸು. ತುಂಗಾ ಸೇತುವೆ ದಾಟುವಾಗ ಬಸ್ಸಿನಲ್ಲಿ ಪಕ್ಕದವರು ‘ನೀರು ಎಷ್ಟು ಬಂದಿದೆ ನೋಡಿ’ ಅಂದರೆ ನನ್ನ ತಲೆಯೊಳಗೆ ಫ್ಲವರ್, ಬ್ಯಾಂಕರ್ ಅಂತ ಓಡುತ್ತಿರುತ್ತದೆ. ಇದೊಂದು ರೋಗ, ಮದ್ದಿಲ್ಲ.

ಚಿಕ್ಕಪ್ಪ ಇರುವುದು ತೀರ್ಥಹಳ್ಳಿಯಿಂದ ಆಗುಂಬೆ ಕಡೆಗೆ ಹೋಗುವಾಗ ಒಳಗೆ ತಿರುಗುವ ಒಂದು ಊರಿನಲ್ಲಿ. ಹೈಸ್ಕೂಲಿನಲ್ಲಿ ಗಣಿತದ ಮೇಷ್ಟ್ರಾಗಿದ್ದವರು, ಈಗ ಅಡಿಕೆ ತೋಟ. ನನಗೆ ಪೇಪರ್ ಬೆಳಗ್ಗೆ ಕಾಫಿಗೆ ಮೊದಲೇ ಬಾಗಿಲಿಗೆ ಬಿದ್ದಿರುತ್ತದೆ. ಅವರಿಗೆ ಬಸ್ಸಿನ ಮೇಲೆ ಬಂದು, ಕ್ರಾಸಿನ ಅಂಗಡಿಯಲ್ಲಿ ಇಳಿದು, ಯಾರಾದರೂ ಆ ಕಡೆ ಹೋಗುವವರ ಕೈಗೆ ಸಿಕ್ಕಿ ಮನೆ ಮುಟ್ಟುವಾಗ ಮಧ್ಯಾಹ್ನದ ಊಟದ ಹೊತ್ತು. ಆಷಾಢದಲ್ಲಿ ಬರುವುದನ್ನು ಪೇಪರ್ ಅನ್ನುವ ಹಾಗೇ ಇಲ್ಲ. ಒದ್ದೆ ನ್ಯೂಸ್‌ಪ್ರಿಂಟಿನ ಮೇಲೆ ಬಾಲ್‌ಪೆನ್ ಮೂಡುವುದಿಲ್ಲ, ಪೆನ್ಸಿಲ್ ಒತ್ತಿದರೆ ತೂತು ಬೀಳುತ್ತದೆ. ಬಚ್ಚಲೊಲೆಯ ಹತ್ತಿರ ಹರಡಿದರೆ ಒಣಗುತ್ತದೆ ನಿಜ, ಆದರೆ ಹಿಂದಿನ ಪುಟದ ಶಾಯಿ ಮುಂದೆ ಇಳಿದು ಕಪ್ಪು ಚೌಕ ಯಾವುದು ಬಿಳಿ ಚೌಕ ಯಾವುದು ಗೊತ್ತಾಗುವುದಿಲ್ಲ. ಅದಕ್ಕೆ ಮಳೆಗಾಲವಿಡೀ ಅವರು ಹಳೇ ಅಡಿಕೆ ಲೆಕ್ಕದ ಪುಸ್ತಕದ ಖಾಲಿ ಹಾಳೆಯಲ್ಲಿ ಸ್ಕೇಲಿಟ್ಟು ಹದಿನೈದಕ್ಕೆ ಹದಿನೈದು ಚೌಕದ ಗ್ರಿಡ್ ಗೀಚಿಕೊಳ್ಳುತ್ತಾರೆ. ಮೊಬೈಲಿನಲ್ಲಿ ಫೋಟೋ ಕಳಿಸುತ್ತೇನೆ ಅಂದರೆ ಬೇಡ. ‘ಗ್ರಿಡ್ ಬರೀತಾ ಬರೀತಾನೇ ಎರಡು ಉತ್ತರ ಹೊಳೀತಾವೆ ಮಾರಾಯ್ತಿ, ಅದನ್ಯಾಕೆ ಕಳ್ಕಳ್ಳಾದು’ ಅನ್ನುತ್ತಾರೆ.

ಸಂಜೆ ಕಣದ ಮೂಲೆಯಲ್ಲಿ ಸಿಗ್ನಲ್ ಸಿಕ್ಕುವ ಜಾಗಕ್ಕೆ ಬಂದು ಅವರು ಫೋನ್ ಮಾಡುವ ತನಕ ನಾನು ಬಾಯಿ ಬಿಡುವ ಹಾಗಿಲ್ಲ. ಮಾತು ಶುರುವಾಗುವುದು ಕ್ಷೇಮಸಮಾಚಾರದಿಂದ ಅಲ್ಲ. ‘ಹದಿನೇಳು ಅಡ್ಡ ಎಂತದು ಅದು? ಉತ್ತರ ಬಂತು, ಎಂತಕ್ಕೆ ಬಂತು ಅಂತ ಗೊತ್ತಾಗ್ಲಿಲ್ಲ.’ ಅಲ್ಲಿಂದ ಮುಂದೆ ಒಂದೊಂದೇ ಸುಳಿವು ಬಿಚ್ಚಿ ನೋಡುವುದು. ನನ್ನ ಹತ್ತಿರ ಒಂದು ರೂಲ್ಡ್ ಪುಸ್ತಕ ಇದೆ, ಅವರ ಹತ್ತಿರ ಅದೇ ಅಡಿಕೆ ಪುಸ್ತಕ. ಪ್ರತಿ ಸುಳಿವಿನ ಎದುರು ಷರಾ ಬರೆಯುತ್ತೇವೆ. ನನ್ನದು ಚಿಕ್ಕದು: ಟಿಕ್, ಪ್ರಶ್ನಾರ್ಥಕ, ಅಥವಾ ‘ವೋ. ಇಲ್ಲ’. ಚಿಕ್ಕಪ್ಪನದು ಮೇಷ್ಟ್ರ ಷರಾ: ‘ಉತ್ತಮ’, ‘ಪರವಾಗಿಲ್ಲ’, ‘ಹೆತ್ತವರನ್ನು ಕರೆತರುವುದು’.

ನಾವು ಬಿಡಿಸುವುದು ದಿ ಹಿಂದೂ ಪತ್ರಿಕೆಯದು. ಆ ಕ್ರಾಸ್‌ವರ್ಡ್ ಶುರುವಾದದ್ದು 1971ರಲ್ಲಿ. ಆಗ ಅದನ್ನು ಕಟ್ಟುತ್ತಿದ್ದವರು ನಿವೃತ್ತ ವೈಸ್ ಅಡ್ಮಿರಲ್ ಆರ್.ಡಿ. ಕಟಾರಿ, 1958ರಲ್ಲಿ ನೌಕಾಪಡೆಯ ಮುಖ್ಯಸ್ಥರಾದ ಮೊದಲ ಭಾರತೀಯ. ಹಡಗುಗಳನ್ನು ನಡೆಸಿದ ಮನುಷ್ಯ ನಿವೃತ್ತಿಯ ಮೇಲೆ ಕೂತು ಅಕ್ಷರ ಜೋಡಿಸುತ್ತಿದ್ದರು ಅನ್ನುವುದು ನನಗೆ ಇವತ್ತಿಗೂ ಖುಷಿ ಕೊಡುವ ಸಂಗತಿ. ಆಮೇಲೆ ಗ್ರಿಡ್‌ಮ್ಯಾನ್, ಆರ್ಡೆನ್, ಇನ್‌ಕಾಗ್ನಿಟೋ, ಆಫ್ಟರ್‌ಡಾರ್ಕ್ ಅಂತೆಲ್ಲ ಅಂಕಿತ ಹಾಕಿಕೊಂಡು ಹಲವರು ಕಟ್ಟಿದ್ದಾರೆ. ಒಂದಷ್ಟು ಕಾಲ ಬಿಡಿಸಿದವರಿಗೆ ಮೇಲೆ ಹೆಸರು ನೋಡಿದ ತಕ್ಷಣ ಇವತ್ತಿನ ಅಡುಗೆ ಯಾರದ್ದು, ಖಾರ ಎಷ್ಟಿರುತ್ತದೆ ಅಂತ ಅಂದಾಜು ಸಿಕ್ಕಿಬಿಡುತ್ತದೆ.

ಕ್ರಾಸ್‌ವರ್ಡ್ ಹುಟ್ಟಿದ್ದು ಇದಕ್ಕೂ ಬಹಳ ಹಿಂದೆ, 1913ರ ಡಿಸೆಂಬರ್ 21ರಂದು, ನ್ಯೂಯಾರ್ಕಿನ ಪತ್ರಿಕೆಯೊಂದರಲ್ಲಿ. ಕಟ್ಟಿದವರು ಲಿವರ್‌ಪೂಲಿನಲ್ಲಿ ಹುಟ್ಟಿದ ಆರ್ಥರ್ ವಿನ್. ಅದು ಸಾದಾ ಅರ್ಥದ ಆಟ. ಅದಕ್ಕೆ ಈ ವಕ್ರಬುದ್ಧಿ ಕಲಿಸಿದವರು ಇಂಗ್ಲೆಂಡಿನವರು. 1926ರಿಂದ ‘ಅಬ್ಸರ್ವರ್’ ಪತ್ರಿಕೆಯಲ್ಲಿ ಟಾರ್ಕ್ವೆಮಾಡಾ ಅನ್ನುವ ಹೆಸರಿನಲ್ಲಿ ಒಬ್ಬರು, ಆಮೇಲೆ ಅದೇ ಜಾಗಕ್ಕೆ ಜಿಮೆನೀಸ್ ಅನ್ನುವ ಹೆಸರಿನಲ್ಲಿ ಇನ್ನೊಬ್ಬರು, 1972ರಲ್ಲಿ ಆಜೆಡ್ ಅಂತ ಮತ್ತೊಬ್ಬರು. ಮೊದಲ ಎರಡು ಸ್ಪೇನಿನಲ್ಲಿ ಧರ್ಮದ್ರೋಹದ ವಿಚಾರಣೆ ನಡೆಸಿ ಜನರನ್ನು ಹಿಂಸಿಸಿದ ಪಾದ್ರಿಗಳ ಹೆಸರು. ಮೂರನೆಯದೂ ಅಂಥದ್ದೇ, ಡೇಜಾ ಅನ್ನುವ ವಿಚಾರಣಾಧಿಕಾರಿಯ ಹೆಸರಿನ ಅಕ್ಷರಗಳನ್ನು ಹಿಂದುಮುಂದಾಗಿಸಿದ್ದು. ಹಿಂಸೆ ಕೊಡುತ್ತೇವೆ ಅಂತ ಮೊದಲೇ ಬೋರ್ಡ್ ಹಾಕಿಕೊಂಡು ಕೂತವರು.

ವಿಚಿತ್ರ ಏನೆಂದರೆ, ಆ ಹಿಂಸೆಗೊಂದು ಕಾನೂನು ಬೇಕು ಅಂತ ಹಟ ಹಿಡಿದವರೂ ಸೆಟ್ಟರ್‌ಗಳೇ. ಆಫ್ರಿಟ್ ಅನ್ನುವ ಹೆಸರಿನ ಸೆಟ್ಟರ್ 1949ರಲ್ಲೇ ಬರೆದಿಟ್ಟರು: ನಾನು ಹೇಳಿದಂತೆಯೇ ನನ್ನ ಮನಸ್ಸಿನಲ್ಲಿ ಇರಬೇಕೆಂದಿಲ್ಲ, ಆದರೆ ನನ್ನ ಮನಸ್ಸಿನಲ್ಲಿ ಇರುವುದನ್ನು ನಾನು ಹೇಳಿರಲೇಬೇಕು. ದಿಕ್ಕು ತಪ್ಪಿಸುವುದು ಸೆಟ್ಟರನ ಹಕ್ಕು, ಸುಳ್ಳು ಹೇಳುವುದು ಅಲ್ಲ. ಜಿಮೆನೀಸ್ 1966ರಲ್ಲಿ ಇದರ ಮೇಲೆ ಒಂದು ಪುಸ್ತಕವನ್ನೇ ಬರೆದರು. ಆಜೆಡ್ ಅದನ್ನು ಹಿಂಡಿ ಮೂರು ಮಾತಿಗೆ ಇಳಿಸಿದರು: ಒಳ್ಳೆಯ ಸುಳಿವಿನಲ್ಲಿ ನಿಖರವಾದ ಅರ್ಥ ಇರಬೇಕು, ಅಕ್ಷರದಾಟ ನ್ಯಾಯವಾಗಿರಬೇಕು, ಬೇರೆ ಏನೂ ಇರಬಾರದು. ನನಗೆ ಮೂರನೆಯದರ ಮೇಲೆ ವಿಶೇಷ ಪ್ರೀತಿ. ಬೇರೆ ಏನೂ ಇರಬಾರದು ಅಂದರೆ ಬೇರೆ ಏನೂ ಇರಬಾರದು.

ನಮ್ಮಿಬ್ಬರ ದೊಡ್ಡ ಜಗಳ ಇದರ ಮೇಲೆಯೇ ಆಗಿದ್ದು. ಚಿಕ್ಕಪ್ಪ ಶಿವಮೊಗ್ಗಕ್ಕೆ ಬರುವಾಗೆಲ್ಲ ದಾರಿಯಲ್ಲಿ ಸಕ್ರೆಬೈಲು ಆನೆ ಬಿಡಾರ ಸಿಗುತ್ತದೆ. ಒಂದು ಸಲ ಬಸ್ಸಿಳಿದು ಮನೆಗೆ ಬಂದವರು ಚಪ್ಪಲಿ ಬಿಡುವ ಮೊದಲೇ ಹೇಳಿದ ಸುಳಿವು:

ಸಕ್ರೆಬೈಲಿನ ಆನೆ ಹಿಂದೆ ತಿರುಗಿದರೆ ಲೋಕ (2)

ಆನೆ ಅಂದರೆ ಗಜ. ಹಿಂದೆ ತಿರುಗಿಸಿದರೆ ಜಗ. ಲೋಕ. ಎಷ್ಟು ಚಂದ! ಆನೆ ತಿರುಗಿ ನೋಡುವ ಚಿತ್ರವೂ ಕಣ್ಣಿಗೆ ಕಟ್ಟುತ್ತದೆ. ಆದರೆ ‘ಸಕ್ರೆಬೈಲಿನ’ ಅನ್ನುವುದಕ್ಕೆ ಏನು ಕೆಲಸ? ಗಜಕ್ಕೂ ಸಕ್ರೆಬೈಲಿಗೂ ಅಕ್ಷರದ ಸಂಬಂಧವಿಲ್ಲ, ಲೋಕಕ್ಕಂತೂ ಇಲ್ಲವ್ವ ಇಲ್ಲ. ಬಿಡಿಸುವವರು ‘ಸಕ್ರೆಬೈಲು’ ಹಿಡಿದುಕೊಂಡು ಸುಮ್ಮನೆ ಒದ್ದಾಡುತ್ತಾರೆ. ತೆಗೀರಿ ಅಂದೆ.

‘ಸಕ್ರೆಬೈಲು ತೆಗೆದ್ರೆ ಆನೆ ಎಲ್ಲಿಂದ ಬರ್ತದೆ?’

‘ಆನೆ ಸುಳಿವಿನಲ್ಲಿ ಇದೆಯಲ್ಲ ಚಿಕ್ಕಪ್ಪ, ಅದು ಎಲ್ಲಿಂದಾದರೂ ಬರಲಿ.’

‘ನಿಂಗೆ ಬರೀ ಲೆಕ್ಕ. ಓದೋಕೆ ರುಚಿ ಬೇಡನಾ?’

ಅವರ ಮಾತಿನಲ್ಲೂ ಹುರುಳಿದೆ. ಮೇಲುನೋಟ ಸರಾಗವಾಗಿ ಓದಿಸಿಕೊಳ್ಳದಿದ್ದರೆ ಅದು ಸುಳಿವಲ್ಲ, ಬೀಜಗಣಿತದ ಸಮೀಕರಣ. ಪೇಪರಿನಲ್ಲಿ ಅಂಥವೂ ಬರುತ್ತವೆ: ಎಲ್ಲಾ ಪದಕ್ಕೂ ಲೆಕ್ಕ ಸಿಗುತ್ತದೆ, ಆದರೆ ಒಟ್ಟು ವಾಕ್ಯಕ್ಕೆ ತಲೆಬುಡವಿಲ್ಲ, ಹುಲಿಯ ಪಕ್ಕ ಟೈಪಿಸ್ಟ್, ಟೈಪಿಸ್ಟ್ ಪಕ್ಕ ಅರ್ಧ ನಿಂಬೆಹಣ್ಣು. ಅವಕ್ಕೆ ನಾನು ಟಿಕ್ ಹಾಕುತ್ತೇನೆ, ನೆನಪಿಟ್ಟುಕೊಳ್ಳುವುದಿಲ್ಲ. ಆದರೂ ಸಕ್ರೆಬೈಲಿನ ವಿಷಯದಲ್ಲಿ ನಾನು ಸೋಲುವುದಿಲ್ಲ. ‘ಆನೆ ಹಿಂದೆ ತಿರುಗಿದರೆ ಲೋಕ’ ಅಂದರೆ ರುಚಿ ಕಡಿಮೆಯಾಯಿತಾ? ನನಗೆ ಹಾಗನ್ನಿಸುವುದಿಲ್ಲ. ಅವರ ಪುಸ್ತಕದಲ್ಲಿ ಅದು ಇನ್ನೂ ಸಕ್ರೆಬೈಲಿನ ಆನೆಯೇ.

ಷರಾ ಬರೆಯುವುದರಲ್ಲಿ ನನಗೆ ಒಗ್ಗದ ಒಂದು ಚಾಳಿ ಇದೆ. ಉತ್ತರ ತಾನು ಕೇಳಿಲ್ಲದ ಪದ ಅನ್ನುವ ಕಾರಣಕ್ಕೆ ಸುಳಿವನ್ನು ಬೈಯುವುದು. ಗೊತ್ತಿಲ್ಲದ ಪದ ಬರುವುದು ತಪ್ಪಲ್ಲ. ಗೊತ್ತಿಲ್ಲದ ಪದಕ್ಕೆ ಅಕ್ಷರದ ದಾರಿ ಮಸುಕಾಗಿಟ್ಟರೆ ತಪ್ಪು. ಪದ ಅಪರೂಪದ್ದಾದಷ್ಟೂ ದಾರಿ ಸಲೀಸಾಗಿರಬೇಕು. ಹಾಗಿದ್ದರೆ ಕೇಳಿಯೇ ಇಲ್ಲದ ಪದವನ್ನೂ ಅಕ್ಷರ ಜೋಡಿಸಿ ಕಟ್ಟಿ, ನಿಘಂಟು ತೆಗೆದು, ‘ಅಯ್ಯೋ, ಹೀಗೊಂದು ಇದೆ’ ಅಂತ ನೋಡಬಹುದು. ಆ ಗಳಿಗೆಗೆ ಸಮವಾದದ್ದು ಈ ಆಟದಲ್ಲಿ ಇನ್ನೊಂದಿಲ್ಲ. ಇದಕ್ಕೆ ತಿರುಗಾಮುರುಗಾ ಚಾಳಿಯೂ ಉಂಟು: ತನಗೆ ಬಹಳ ಹೊತ್ತು ಹಿಡಿಯಿತು ಅನ್ನುವ ಕಾರಣಕ್ಕೆ ಸುಳಿವನ್ನು ಹೊಗಳುವುದು. ಕಷ್ಟಪಟ್ಟದ್ದು ನಾವು, ಅದರ ಶ್ರೇಯಸ್ಸು ಸೆಟ್ಟರನಿಗೆ ಯಾಕೆ? ಕೆಟ್ಟದಾಗಿ ಬರೆದ ಸುಳಿವೂ ಅಷ್ಟೇ ಹೊತ್ತು ತಿನ್ನುತ್ತದೆ.

ನನ್ನ ಈ ಬಿಗಿಯನ್ನು ಸಡಿಲಿಸಲಿಕ್ಕೆ ಚಿಕ್ಕಪ್ಪ ಹೊರತೆಗೆಯುವ ಅಸ್ತ್ರ ಅರೌಕೇರಿಯಾ. ಅದೊಂದು ಮರದ ಹೆಸರು, ಇಂಗ್ಲಿಷಿನಲ್ಲಿ ಅದಕ್ಕೆ ಮಂಕಿ ಪಜಲ್ ಅಂತಲೂ ಹೇಳುತ್ತಾರೆ. ಆ ಹೆಸರಿಟ್ಟುಕೊಂಡಿದ್ದವರು ಜಾನ್ ಗ್ರಹಾಂ ಅನ್ನುವ ಪಾದ್ರಿ. 1958ರಿಂದ ‘ಗಾರ್ಡಿಯನ್’ ಪತ್ರಿಕೆಗೆ ಕಟ್ಟಿದವರು, ಜಿಮೆನೀಸರ ಕಾನೂನನ್ನು ಅಕ್ಷರಶಃ ಪಾಲಿಸಿದವರಲ್ಲ, ಆದರೂ ಅವರಷ್ಟು ಜನರ ಪ್ರೀತಿ ಗಳಿಸಿದ ಸೆಟ್ಟರ್ ಬೇರೆ ಇಲ್ಲ. 2013ರ ಜನವರಿಯಲ್ಲಿ ಅವರ ಒಂದು ಕ್ರಾಸ್‌ವರ್ಡಿನ ಮೇಲೆ ಪುಟ್ಟ ಟಿಪ್ಪಣಿ ಇತ್ತು: ಅರೌಕೇರಿಯಾಗೆ 19ರ 18 ಇದೆ, ಅದಕ್ಕೆ 13 15 ಕೊಡುತ್ತಿದ್ದಾರೆ ಅನ್ನುವ ಅರ್ಥದ್ದು. ಅಂಕಿಗಳೆಲ್ಲ ಅದೇ ಕ್ರಾಸ್‌ವರ್ಡಿನ ಸುಳಿವಿನ ಸಂಖ್ಯೆಗಳು. ಬಿಡಿಸಿದವರಿಗೆ 18 ಕ್ಯಾನ್ಸರ್ ಅಂತ ಬಂತು, 19 ಅನ್ನನಾಳ, 13 ಮತ್ತು 15 ಸೇರಿದರೆ ಉಪಶಾಮಕ ಆರೈಕೆ. ತನ್ನ ಕಾಯಿಲೆಯ ಸುದ್ದಿಯನ್ನು ತನ್ನ ಓದುಗರಿಗೆ ಅವರು ಹೇಳಿದ ರೀತಿ ಅದು. ಅದೇ ವರ್ಷ ನವೆಂಬರಿನಲ್ಲಿ ತೀರಿಕೊಂಡರು, ವಯಸ್ಸು 92.

‘ಇದಕ್ಕೆ ನಿನ್ನ ಪುಸ್ತಕದಲ್ಲಿ ಎಷ್ಟು ಮಾರ್ಕು?’ ಅಂತ ಚಿಕ್ಕಪ್ಪ ಕೇಳುತ್ತಾರೆ. ನಿಯಮ ಗಿಯಮ ಎಲ್ಲ ಇಂಥ ಕಡೆ ಸಣ್ಣದಾಗಿ ಕಾಣುತ್ತದೆ ಅನ್ನುವುದು ಅವರ ವಾದ. ನನಗೆ ಅದು ಉಲ್ಟಾ ಕಾಣುತ್ತದೆ. ಆ ಟಿಪ್ಪಣಿಯಲ್ಲಿ ಇದ್ದದ್ದು ಬರೀ ಅಂಕಿ. ಸುದ್ದಿಯನ್ನು ಓದುಗರ ಮನೆಗೆ ಮುಟ್ಟಿಸಿದ್ದು ಆ ಅಂಕಿಗಳ ಎದುರಿದ್ದ ಸುಳಿವುಗಳು. ಬಿಡಿಸಲು ಬಾರದ ಸುಳಿವಾಗಿದ್ದರೆ ಆ ಮನುಷ್ಯ ಏನು ಹೇಳಿದರು ಅಂತಲೇ ಯಾರಿಗೂ ತಿಳಿಯುತ್ತಿರಲಿಲ್ಲ. ಕಾನೂನಿನ ಅಕ್ಷರ ಮೀರಿದರೂ ಓದುಗರ ಕೈ ಬಿಡದೇ ಇದ್ದುದರಿಂದ ತಾನೇ ಅಷ್ಟು ವರ್ಷ ಜನ ಅವರನ್ನು ನಂಬಿದ್ದು? ಚಿಕ್ಕಪ್ಪ ‘ಹ್ಮ್’ ಅಂದರು. ಅವರ ‘ಹ್ಮ್’ಗೆ ಒಪ್ಪಿದೆ ಅಂತಲೂ ಅರ್ಥ, ಸಿಗ್ನಲ್ ಹೋಯಿತು ಅಂತಲೂ ಅರ್ಥ.

ಇಷ್ಟೆಲ್ಲ ಇಂಗ್ಲಿಷಿನಲ್ಲಿ ಇದೆ, ಕನ್ನಡದಲ್ಲಿ ಯಾಕಿಲ್ಲ ಅನ್ನುವ ಪ್ರಶ್ನೆ ನಮ್ಮ ಮಧ್ಯೆ ಎದ್ದಿದ್ದು ಹೀಗೇ ಒಂದು ಸಂಜೆ. ಕನ್ನಡದಲ್ಲಿ ಪದಬಂಧಕ್ಕೆ ಬರವಿಲ್ಲ. ದಿನಪತ್ರಿಕೆ, ವಾರಪತ್ರಿಕೆ ಯಾವುದು ತೆಗೆದರೂ ಒಂದಿರುತ್ತದೆ, ಅ.ನಾ. ಪ್ರಹ್ಲಾದರಾವ್ ಒಬ್ಬರೇ ಸಾವಿರಾರು ಕಟ್ಟಿದ್ದಾರೆ. ನಮ್ಮ ಮನೆಯಲ್ಲಿ ಅಮ್ಮನಿಗೆ ಮಧ್ಯಾಹ್ನ ಪದಬಂಧ ಆಗದಿದ್ದರೆ ನಿದ್ದೆ ಹತ್ತುವುದಿಲ್ಲ. ಆದರೆ ಅವುಗಳ ಸುಳಿವು ಬಹುಪಾಲು ಸಮಾನಾರ್ಥಕ ಪದ, ಪುರಾಣ, ಸಿನಿಮಾ, ಊರು. ಗೊತ್ತಿದ್ದರೆ ಬಂತು, ಇಲ್ಲದಿದ್ದರೆ ಇಲ್ಲ. ಕ್ರಿಪ್ಟಿಕ್ಕಿಗೆ ಕನ್ನಡ ಒಗ್ಗುವುದಿಲ್ಲ ಅಂತ ಇಂಗ್ಲಿಷ್ ಕ್ರಾಸ್‌ವರ್ಡ್ ಬಿಡಿಸುವ ಕೆಲವರು ಹೇಳುವುದನ್ನು ಕೇಳಿದ್ದೇನೆ. ಕೇಳಿದಾಗೆಲ್ಲ ಮೈ ಉರಿಯುತ್ತದೆ.

ಮಾತನ್ನು ಮುರಿದು ಬೇರೆ ಕಡೆ ಜೋಡಿಸುವ ಆಟ ನಮ್ಮ ಕಡೆ ಯಾವತ್ತಿನಿಂದ ಇಲ್ಲ? ಸಂಸ್ಕೃತದ ‘ಕೇಶವಂ ಪತಿತಂ ದೃಷ್ಟ್ವಾ’ ಶ್ಲೋಕ ಹಳೆಯ ತಲೆಮಾರಿನ ಮೇಷ್ಟ್ರುಗಳಿಗೆಲ್ಲ ಬಾಯಿಪಾಠ. ಕೇಶವ ಬಿದ್ದದ್ದನ್ನು ನೋಡಿ ದ್ರೋಣ ಹಿಗ್ಗಿದ, ಕೌರವರೆಲ್ಲ ಅತ್ತರು ಅಂತ ಕೇಳಿಸುತ್ತದೆ. ಭಾರತ ಓದಿದವರು ತಲೆ ಕೆರೆದುಕೊಳ್ಳಬೇಕು, ಕೌರವರು ಯಾಕೆ ಅಳುತ್ತಾರೆ? ಪದ ಮುರಿದರೆ ‘ಕೇ’ ಅಂದರೆ ನೀರಿನಲ್ಲಿ, ‘ಶವಂ’ ಅಂದರೆ ಹೆಣ; ದ್ರೋಣ ಅಂದರೆ ಕಾಗೆ, ಕೌರವರು ಅಂದರೆ ಕೆಟ್ಟ ದನಿಯ ನರಿಗಳು. ಹೆಣ ನೀರಿಗೆ ಬಿತ್ತು, ತೇಲುವ ಹೆಣದ ಮೇಲೆ ಕೂರಬಲ್ಲ ಕಾಗೆಗೆ ಹಬ್ಬ, ದಡದ ನರಿಗಳಿಗೆ ಉಪವಾಸ. ಮೇಲುನೋಟ ಒಂದು, ಒಳಲೆಕ್ಕ ಒಂದು, ಒಂದು ಪದವೂ ದಂಡವಿಲ್ಲ. ಆಜೆಡ್ ನೋಡಿದ್ದರೆ ಟಿಕ್ ಹಾಕುತ್ತಿದ್ದರು. ಸಂಸ್ಕೃತದ ಕಾವ್ಯಶಾಸ್ತ್ರ ಬರೆದ ದಂಡಿಯ ಕಾವ್ಯಾದರ್ಶದಲ್ಲಿ ಪ್ರಹೇಳಿಕೆಗಳನ್ನು, ಅಂದರೆ ಒಗಟಿನ ಪದ್ಯಗಳನ್ನು, 16 ಬಗೆಯಾಗಿ ವಿಂಗಡಿಸಲಾಗಿದೆ. ಅದರಲ್ಲಿ ಸಮಾಗತಾ ಅನ್ನುವುದು ಸಂಧಿಯಲ್ಲಿ ಅರ್ಥ ಬಚ್ಚಿಡುವ ಬಗೆ, ಅಂದರೆ ಈ ಕೇಶವನ ಜಾತಿಯೇ. ಪ್ರಹೇಳಿಕೆಯ ಉಪಯೋಗವನ್ನೂ ದಂಡಿ ಹೇಳುತ್ತಾನೆ: ಗೋಷ್ಠಿಯಲ್ಲಿ ಕಾಲ ಕಳೆಯಲಿಕ್ಕೆ, ಹತ್ತು ಜನರ ನಡುವೆ ಗುಟ್ಟು ಮಾತಾಡಲಿಕ್ಕೆ, ಇನ್ನೊಬ್ಬರ ತಲೆ ಕೆಡಿಸಲಿಕ್ಕೆ. ಕವಿರಾಜಮಾರ್ಗ ಬರೆದವರ ಕಣ್ಣೆದುರು ಇದ್ದದ್ದು ಈ ದಂಡಿಯೇ.

ಅಡಿಕೆ ಸುಲಿಯುವ ರಾತ್ರಿಗಳಲ್ಲಿ ಮೆಟ್ಟುಗತ್ತಿಯ ಮುಂದೆ ಕೂತವರಿಗೆ ನಿದ್ದೆ ಬಾರದ ಹಾಗೆ ಅಜ್ಜಿ ಒಗಟು ಹೇಳುತ್ತಿದ್ದಳು. ‘ಹಸಿರು ಗಿಡದ ಮೇಲೆ ಮೊಸರು ಚೆಲ್ಲಿದೆ’ ಅಂದರೆ ಮಲ್ಲಿಗೆ. ಚಂದವೇ. ಆದರೆ ಒಗಟಿಗೆ ದಾರಿ ಒಂದೇ. ಮಲ್ಲಿಗೆಯ ಬದಲು ನಂದಿಬಟ್ಟಲು ಅಂದರೆ ಅಜ್ಜಿ ‘ಅಲ್ಲ’ ಅಂದರೆ ಅಲ್ಲ, ಮೇಲ್ಮನವಿ ಇಲ್ಲ. ಬಳ್ಳಿಗಾವಿಯ ಅಲ್ಲಮ ನಮ್ಮ ಜಿಲ್ಲೆಯವನು, ಒಗಟಿನಂತೆ ಅರ್ಥ ಮರೆಸಿಟ್ಟ ಬೆಡಗಿನ ವಚನಕ್ಕೆ ಅವನನ್ನು ಮೀರಿಸಿದವರಿಲ್ಲ ಅಂತ ಚಿಕ್ಕಪ್ಪ ಅವನನ್ನೂ ಈ ಸಾಲಿಗೆ ಎಳೆಯಲು ನೋಡಿದರು. ನಾನು ಒಪ್ಪಲಿಲ್ಲ. ಬೆಡಗಿಗೆ ಟೀಕೆ ಬರೆದವರು ಇದ್ದಾರೆ ನಿಜ, ಆದರೆ ಬಿಡಿಸಿ ಪಕ್ಕಕ್ಕಿಡಲಿ ಅಂತ ಅಲ್ಲಮ ಹೇಳಿದ್ದಲ್ಲ. ಅವನನ್ನು ಚೌಕದೊಳಗೆ ಕೂರಿಸುವುದು ಬೇಡ.

ಹಾಗಾಗಿ ನಾವೇ ಕಟ್ಟತೊಡಗಿದೆವು. ಕಟ್ಟುವಾಗ ಗೊತ್ತಾಗಿದ್ದು: ಕನ್ನಡದಲ್ಲಿ ಕಷ್ಟ ಇರುವುದು ಒಂದು ಕಡೆ ಮಾತ್ರ. ಅಕ್ಷರ ಕಲಸಿ ಬೇರೆ ಪದ ಮಾಡುವ ಅನಾಗ್ರಾಂ ಇಂಗ್ಲಿಷಿನಲ್ಲಿ ಹೆಜ್ಜೆಗೊಂದು ಸಿಗುತ್ತದೆ. ನಮ್ಮಲ್ಲಿ ಚೌಕಕ್ಕೆ ಒಂದು ಪೂರ್ತಿ ಅಕ್ಷರ, ಕಾಗುಣಿತ, ಒತ್ತು, ಸೊನ್ನೆ ಎಲ್ಲಾ ಅಂಟಿಕೊಂಡೇ ಬರುತ್ತವೆ. ‘ಕಿ’ಯನ್ನು ಒಡೆದು ‘ಕ’ ಬೇರೆ ‘ಇ’ ಬೇರೆ ಮಾಡುವ ಹಾಗಿಲ್ಲ. ಆದರೂ ಹುಡುಕಿದರೆ ಸಿಗುತ್ತದೆ: ‘ರಮಣ ಗಲಿಬಿಲಿಗೊಂಡರೆ ಸಾವು (3)’. ಮರಣ. ಇದು ನನ್ನದು, ಚಿಕ್ಕಪ್ಪನ ಷರಾ ‘ಉತ್ತಮ, ಆದರೆ ಅಪಶಕುನ’.

ಇನ್ನು ಎರಡರ್ಥದ ಸುಳಿವಿಗಂತೂ ಕನ್ನಡದಷ್ಟು ಹದವಾದ ಭಾಷೆ ಇನ್ನೊಂದು ಬೇಕಿಲ್ಲ. ‘ಅನ್ನಕ್ಕೆ ಹಾಕಿಕೊಳ್ಳುವುದನ್ನು ಊರಿಗೆಲ್ಲ ಹೇಳು (2)’ ಅಂದರೆ ಸಾರು. ‘ಮಲೆನಾಡಿನ ಕಡಲು (3)’ ಅಂದರೆ ಸಾಗರ. ಚಿಕ್ಕಪ್ಪನ ಅತ್ಯುತ್ತಮ ಸುಳಿವು ನನ್ನ ಲೆಕ್ಕದಲ್ಲಿ ಇದು: ‘ನಾಲ್ಕಿದ್ದರೆ ಮಂಚ ನಿಲ್ಲುತ್ತದೆ, ನಾಲ್ಕು ಕೂಡಿದರೆ ಒಂದಾಗುತ್ತದೆ (2)’. ಕಾಲು. ಗಣಿತದ ಮೇಷ್ಟ್ರಿಗಲ್ಲದೆ ಬೇರೆಯವರಿಗೆ ಹೊಳೆಯುತ್ತಿತ್ತೋ ಇಲ್ಲವೋ. ಇನ್ನೊಂದು ಅವರದ್ದೇ, ‘ಹೋಗುವಾಗಲೂ ಬರುವಾಗಲೂ ಒಂದೇ ಊರು (3)’. ಎಡದಿಂದ ಓದಿದರೂ ಬಲದಿಂದ ಓದಿದರೂ ಗದಗ. ನಾನು ಪ್ರಶ್ನಾರ್ಥಕ ಹಾಕಿದೆ. ಒಡಿಶಾದ ಕಟಕ ಯಾಕಾಗಬಾರದು? ಅದೂ ಹೋಗುವಾಗ ಬರುವಾಗ ಒಂದೇ. ಅವರು ಎರಡು ದಿನ ಮಾತಾಡಲಿಲ್ಲ. ಮೂರನೇ ದಿನ ‘ಊರು’ ಅನ್ನುವ ಮೊದಲು ‘ವೀರನಾರಾಯಣನ’ ಅಂತ ಸೇರಿಸಿ ಕಳಿಸಿದರು. ಸಕ್ರೆಬೈಲಿನ ಹಾಗೆ ಸುಮ್ಮನೆ ಕೂತ ಪದ ಅಲ್ಲ ಅದು, ಕಟಕವನ್ನು ಹೊರಗಟ್ಟುವ ಕೆಲಸ ಮಾಡುತ್ತದೆ. ಟಿಕ್.

ಕಟ್ಟುವವರಿಗೆ ಕಷ್ಟವಾದದ್ದೇ ಬಿಡಿಸುವವರಿಗೆ ವರ ಅನ್ನುವುದೂ ಇದರಲ್ಲೇ ತಿಳಿಯಿತು. ಇಂಗ್ಲಿಷ್ ಗ್ರಿಡ್ಡಿನಲ್ಲಿ ಅಡ್ಡಬಂದ ಪದದಿಂದ ಒಂದು ‘ಇ’ ಅಕ್ಷರ ಸಿಕ್ಕರೆ ಏನೂ ಸಿಕ್ಕ ಹಾಗಲ್ಲ, ಅದು ಎಲ್ಲಾ ಕಡೆ ಇರುತ್ತದೆ. ಕನ್ನಡದಲ್ಲಿ ಒಂದು ‘ಷ್ಠೆ’ ಸಿಕ್ಕರೆ ಅರ್ಧ ಉತ್ತರ ಸಿಕ್ಕಿದಂತೆ.

ಈಗ ದೀಪಾವಳಿಗೆ ಮನೆಗೆ ಬರುವ ಮಕ್ಕಳು, ಅಳಿಯಂದಿರಿಗೆಲ್ಲ ಹಂಚಲು ಒಂಬತ್ತಕ್ಕೆ ಒಂಬತ್ತು ಚೌಕದ ಒಂದು ಕನ್ನಡ ಕ್ರಿಪ್ಟಿಕ್ ಕಟ್ಟುತ್ತಿದ್ದೇವೆ. ಮೊದಲ ಸಾಲಿನ ಎಡಕ್ಕೆ ಸಾಗರ, ಬಲಕ್ಕೆ ಕೊನೆಯ ಚೌಕಕ್ಕೆ ತಾಗಿ ತೀರ್ಥಹಳ್ಳಿ. ಮೇಲಿನಿಂದ ಕೆಳಕ್ಕೆ ಇಳಿಯುವ ಪದಗಳು ಒಂದನೇ ಮನೆ, ಮೂರನೇ ಮನೆ ಹೀಗೆ ಒಂದು ಬಿಟ್ಟು ಒಂದರಲ್ಲಿ. ಹಾಗೆ ಇಟ್ಟರೆ ತೀರ್ಥಹಳ್ಳಿಯ ‘ರ್ಥ’ ಮತ್ತು ‘ಳ್ಳಿ’ ಎರಡರಿಂದಲೂ ಕೆಳಗೆ ಪದ ಶುರುವಾಗಬೇಕು. ‘ಳ್ಳಿ’ಯಿಂದ ಶುರುವಾಗುವ ಪದ ಕನ್ನಡದಲ್ಲಿ ಎಲ್ಲಿಂದ ತರುವುದು? ಎಡಬಲ ಅದಲುಬದಲು ಮಾಡಿದರೆ ‘ತೀ’, ‘ಹ’, ‘ಸಾ’, ‘ರ’ ಸಿಗುತ್ತವೆ, ನಾಲ್ಕರಿಂದಲೂ ಬೇಕಾದಷ್ಟು ಪದಗಳಿವೆ. ಚಿಕ್ಕಪ್ಪನಿಗೆ ತೀರ್ಥಹಳ್ಳಿ ಒಂದನೇ ಅಡ್ಡಕ್ಕೆ ಬರುತ್ತದಲ್ಲ ಅಂತ ಒಳಗೊಳಗೇ ಸಂಭ್ರಮ. ಆದರೆ ಚಿಕ್ಕಮ್ಮನ ತವರು ಸಾಗರ. ಇಷ್ಟು ವರ್ಷ ಕ್ರಾಸ್‌ವರ್ಡಿನ ಗೊಡವೆಗೇ ಬಾರದವರು ಈಗ ಫೋನ್ ಕಸಿದುಕೊಂಡು, ‘ಸಾಗರ ಇದ್ದಲ್ಲೇ ಇರ್ಲಿ, ಇವರ ತೀರ್ಥಹಳ್ಳಿಗೆ ಬೇರೆ ಜಾಗ ನೋಡು’ ಅಂದಿದ್ದಾರೆ. ಗ್ರಿಡ್ಡಿನ ಪ್ರಕಾರ ಚಿಕ್ಕಪ್ಪ ಸರಿ. ಹಬ್ಬ ಹತ್ತಿರ ಬಂತು, ಮೊದಲ ಸಾಲು ಇನ್ನೂ ತೀರ್ಮಾನ ಆಗಿಲ್ಲ.